ಹೊಟ್ಟೆಗೆ ತೋಳು ಹೊಲಿಸಿಕೊಂಡ ಟೈಲರ್ ಬರೆಯುತ್ತಿರುವ ರಿವ್ಯೂ

ಅಂಗಡಿಗೆ ಬರುವ ಹೆಂಗಸರಲ್ಲಿ ಹತ್ತಕ್ಕೆ ಆರು ಜನ ಅಳತೆ ಕೊಡುವುದನ್ನು ಬಿಟ್ಟು ನನ್ನ ತೂಕ ಇಳಿಸುವ ಹೊಟ್ಟೆ ಆಪರೇಷನ್ನಿನ ಬಗ್ಗೆಯೇ ಕೇಳುತ್ತಾರೆ. "ಅಕ್ಕ, ಎಲ್ಲಿ ಮಾಡಿಸಿದ್ರಿ? ನೋವಾಯ್ತಾ? ಎಷ್ಟಾಯ್ತು?" ಕೊರಳಿಗೆ ಟೇಪು ಹಾಕಿಕೊಂಡು ನಿಂತಲ್ಲೇ ಎಷ್ಟು ಹೇಳಲಿ. ಅದಕ್ಕೇ ಒಂದು ಸಲ ಕೂತು ಎಲ್ಲ ಬರೆದುಬಿಡುತ್ತೇನೆ. ಆಸ್ಪತ್ರೆ ಬೆಂಗಳೂರಿನದು, ದೊಡ್ಡದು. ಹೆಸರು ಹಾಕುವುದಿಲ್ಲ. ಹೊಗಳುವುದೂ ಇದೆ, ತೆಗಳುವುದೂ ಇದೆ, ಮೇಲಾಗಿ ಇನ್ನೂ ಅಲ್ಲಿಗೇ ತೋರಿಸಿಕೊಳ್ಳಲು ಹೋಗಬೇಕಾದವಳು ನಾನು.

ನನಗೆ 43 ವರ್ಷ, ಮಂಡ್ಯದಲ್ಲಿ ಲೇಡೀಸ್ ಟೈಲರ್. ಹೋದಾಗ ತೂಕ 118 ಕೆಜಿ, ಎತ್ತರ 157 ಸೆಂಟಿಮೀಟರ್. ಅಂದರೆ ಬಿಎಂಐ, ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವ ಲೆಕ್ಕ, 48ರ ಹತ್ತಿರ. ಸಕ್ಕರೆ ಕಾಯಿಲೆಗೆ ಎಂಟು ವರ್ಷ, ಮಂಡಿನೋವಿಗೆ ಅದಕ್ಕಿಂತ ಜಾಸ್ತಿ. ಆದರೆ ಆಸ್ಪತ್ರೆ ಮೆಟ್ಟಿಲು ಹತ್ತಿಸಿದ್ದು ಇವೆರಡೂ ಅಲ್ಲ. 2024ರ ಬೇಸಿಗೆಯಲ್ಲಿ ಒಂದು ಮದುವೆ ಬ್ಲೌಸಿಗೆ ಪೈಪಿಂಗ್ ಹಾಕುತ್ತಾ ಮಷೀನಿನ ಮೇಲೇ ತೂಕಡಿಸಿದೆ. ಮೋಟಾರು ಓಡುತ್ತಲೇ ಇತ್ತು. ಸೂಜಿ ಎಡಗೈ ತೋರುಬೆರಳಿನ ಉಗುರು ದಾಟಿ ಆ ಕಡೆ ಬಂತು. ಬೆರಳಿಗೆ ಕಟ್ಟು ಹಾಕಿದ ಡಾಕ್ಟರು, "ಹಾಡಹಗಲಲ್ಲಿ ಇಷ್ಟು ನಿದ್ದೆ ಯಾಕಮ್ಮ? ರಾತ್ರಿ ಗೊರಕೆ ಇದೆಯಾ?" ಎಂದರು. ನಮ್ಮನೆಯವರು ಜೇಬಿನಿಂದ ಮೊಬೈಲು ತೆಗೆದು ನನ್ನ ಗೊರಕೆ ಕೇಳಿಸಿದರು. ಯಾವಾಗ ರೆಕಾರ್ಡ್ ಮಾಡಿಟ್ಟುಕೊಂಡಿದ್ದರೋ! ಗೊರಕೆ, ಗೊರಕೆ, ಆಮೇಲೆ ಇಪ್ಪತ್ತು ಸೆಕೆಂಡು ಏನೂ ಇಲ್ಲ, ಆಮೇಲೆ ಮುಳುಗುತ್ತಿದ್ದವರು ನೀರಿನಿಂದ ಎದ್ದ ಹಾಗೆ ಒಂದು ಉಸಿರು. ಡಾಕ್ಟರು ಎರಡನೇ ಸಲ ಕೇಳಲಿಲ್ಲ, ಚೀಟಿ ಬರೆದು ಬೆಂಗಳೂರಿಗೆ ಕಳಿಸಿದರು.

ಆಸ್ಪತ್ರೆಯಲ್ಲಿ ಮೊದಲು ಇಷ್ಟವಾಗಿದ್ದು ಕುರ್ಚಿ. ನಗಬೇಡಿ. ಕೈ ಇರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎದ್ದಾಗ ಕುರ್ಚಿಯೂ ಜೊತೆಗೇ ಎದ್ದು ಬಂದ ಅನುಭವ ಇದ್ದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಅಲ್ಲಿ ಕೈ ಇಲ್ಲದ, ಅಗಲವಾದ, ಗಟ್ಟಿ ಕುರ್ಚಿಗಳಿದ್ದವು. ಬಿಪಿ ನೋಡುವ ಪಟ್ಟಿಯೂ ದೊಡ್ಡದು. ಊರಲ್ಲಿ ನನ್ನ ತೋಳಿಗೆ ಸುತ್ತಿದ ಪಟ್ಟಿ ಗಾಳಿ ತುಂಬುತ್ತಿದ್ದ ಹಾಗೇ ಪಟ್ ಎಂದು ಬಿಚ್ಚಿಕೊಳ್ಳುತ್ತಿತ್ತು. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಎಂದು ಅಲ್ಲಿನ ಸಿಸ್ಟರ್ ಹೇಳಿದ ಮೇಲೇ ಗೊತ್ತಾಗಿದ್ದು. ತೂಕ ನೋಡುವ ಕೋಣೆಗೆ ಬಾಗಿಲಿತ್ತು. ತೂಕವನ್ನು ಕೂಗಿ ಹೇಳಲಿಲ್ಲ, ಬರೆದುಕೊಂಡರು. ಇಷ್ಟಕ್ಕೇ ಅರ್ಧ ಮಾರ್ಕು ಕೊಟ್ಟುಬಿಟ್ಟಿದ್ದೆ.

ಸರ್ಜನ್ ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದು ಎರಡು ದಾರಿ ತೋರಿಸಿದರು, ಹೊಟ್ಟೆಯ ಬಹುಭಾಗ ಬಿಟ್ಟು ಕರುಳಿಗೆ ಅಡ್ಡದಾರಿ ಜೋಡಿಸುವ ಬೈಪಾಸ್ ಮತ್ತು ಸ್ಲೀವ್. ಎದೆಯುರಿ ಜೋರಾಗಿದ್ದವರಿಗೆ ಬೈಪಾಸ್ ವಾಸಿ, ಸ್ಲೀವ್ ಮಾಡಿದರೆ ಉರಿ ಹೆಚ್ಚುವುದುಂಟು ಅಂತೆ. ನನಗೆ ಎದೆಯುರಿ ಇರಲಿಲ್ಲ, ಎಂಡೋಸ್ಕೋಪಿಯಲ್ಲೂ ತೊಂದರೆ ಕಾಣಲಿಲ್ಲ. ಎಚ್ ಪೈಲೋರಿ ಎಂಬ ರೋಗಾಣು ಸಿಕ್ಕಿದ್ದಕ್ಕೆ ಹದಿನಾಲ್ಕು ದಿನ ಮಾತ್ರೆ ನುಂಗಿಸಿದರು, ಅಷ್ಟೇ. "ಸ್ಲೀವ್ ಅಂದ್ರೆ..." ಎಂದು ಅವರು ಶುರು ಮಾಡಿದಾಗ, "ಸಾರ್, ತೋಳು. ಇಪ್ಪತ್ತು ವರ್ಷದಿಂದ ಅದನ್ನೇ ಹೊಲೀತಿದೀನಿ" ಎಂದೆ. ಅವರಿಗೂ ನಗು ಬಂತು. ಅಲ್ಲಿಂದ ಮುಂದೆ ನನ್ನ ಭಾಷೆಯಲ್ಲೇ ಹೇಳಿದರು. ಬಾಯಿಯಿಂದ ಒಂದು ಮೆತ್ತನೆಯ ನಳಿಕೆ ಇಳಿಸುತ್ತಾರೆ, ಅದು ಅಳತೆಗೆ. ನಾವು ಪೇಪರ್ ಕಟಿಂಗ್ ಇಟ್ಟು ಕತ್ತರಿ ಹಾಕುವ ಹಾಗೆ. ಅದರ ಗುಂಟ ಸ್ಟೇಪ್ಲರ್ ಓಡಿಸುತ್ತಾರೆ. ಆ ಸ್ಟೇಪ್ಲರ್ ನಮ್ಮ ಓವರ್‌ಲಾಕ್ ಮಷೀನೇ: ನಡುವೆ ಬ್ಲೇಡು ಕತ್ತರಿಸುತ್ತಾ ಹೋಗುತ್ತದೆ, ಎರಡೂ ಕಡೆಗೆ ಮೂರು ಮೂರು ಸಾಲು ಪಿನ್ನು ಬೀಳುತ್ತದೆ. ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ಹೊರಗೆ ತೆಗೆಯುತ್ತಾರೆ, ಬಾಳೆಹಣ್ಣಿನ ಗಾತ್ರದ ಕೊಳವೆ ಉಳಿಯುತ್ತದೆ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಮೇಲಿನ ಭಾಗವೂ ಅದರ ಜೊತೆ ಹೋಗುವುದರಿಂದ ಹಸಿವೂ ತಗ್ಗುತ್ತದೆ. "ವಾಪಸ್ ಸೇರಿಸೋಕೆ ಆಗಲ್ಲ, ತಿಳೀತಾ?" ಎಂದರು. ಕತ್ತರಿಸಿದ ಬಟ್ಟೆ ಎಂದಾದರೂ ಥಾನಿಗೆ ವಾಪಸ್ ಹೋಗಿದೆಯಾ?

ವಿಮೆಯ ಕಥೆ ಸ್ವಲ್ಪ ಉದ್ದ. ಬೊಜ್ಜಿನ ಆಪರೇಷನ್ನಿಗೆ ವಿಮೆ ಸಿಗುವುದಿಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು. ಸುಳ್ಳು. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಮಾಡಿದ ನಿಯಮದ ಪ್ರಕಾರ, 18 ತುಂಬಿದವರಿಗೆ ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಅದಕ್ಕಿಂತ ಹೆಚ್ಚಿದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ತೀವ್ರವಾದ ನಿದ್ರಾ ಉಸಿರುಗಟ್ಟುವಿಕೆಯಂಥ ತೊಂದರೆಗಳಿದ್ದು, ಬೇರೆ ಪ್ರಯತ್ನ ಫಲಿಸದಿದ್ದರೆ, ಡಾಕ್ಟರ ಸಲಹೆಯ ಮೇರೆಗೆ ಮಾಡುವ ಆಪರೇಷನ್ನನ್ನು ತೂಕ ಇಳಿಸುವ ಚಿಕಿತ್ಸೆ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ. ಪಾಲಿಸಿಯ ಕಾಯುವ ಅವಧಿ ಮುಗಿದಿರಬೇಕು. ನನ್ನದಕ್ಕೆ ಐದು ವರ್ಷ ಆಗಿತ್ತು. ಒಂದು ಸಲ ಪ್ರಶ್ನೆ ಹಾಕಿ ಆಮೇಲೆ ಒಪ್ಪಿದರು. ಹಳೆಯ ಡಯಟ್ ಚೀಟಿ, ಸಕ್ಕರೆ ರಿಪೋರ್ಟು ಎಲ್ಲ ಬ್ಲೌಸ್ ಪೀಸಿನ ಕವರಿನಲ್ಲಿ ಎತ್ತಿಟ್ಟಿದ್ದೆ, ಅವೇ ಕೈ ಹಿಡಿದವು. ನೀವೂ ಎಸೆಯಬೇಡಿ.

ಬಿಲ್ಲಿಂಗ್ ಕೌಂಟರಿಗೆ ಮಾತ್ರ ಹತ್ತಕ್ಕೆ ಎರಡು. ಪ್ಯಾಕೇಜ್ 3,60,000 ಎಂದವರು ಕೊನೆಗೆ 4,12,000 ಮಾಡಿದರು. ಸ್ಟೇಪ್ಲರಿನ ಪಿನ್ನಿನ ಕಾರ್ಟ್ರಿಜ್ ಒಂದು ಜಾಸ್ತಿ ಹಿಡಿಯಿತು, ಅದು ಬೇರೆ. ಗ್ಲೌಸು, ಹೊಟ್ಟೆ ಬೆಲ್ಟು ವಿಮೆಗೆ ಬರಲ್ಲ, ಅದು ಬೇರೆ. ಎಲ್ಲಕ್ಕಿಂತ ಹೊಟ್ಟೆ ಉರಿದಿದ್ದು ರೂಮಿನ ವಿಷಯಕ್ಕೆ. ನನ್ನ ಪಾಲಿಸಿಯಲ್ಲಿ ರೂಮು ಬಾಡಿಗೆಗೆ ಮಿತಿ ಇತ್ತು. ಅದನ್ನು ಮೀರಿದ ರೂಮು ತೆಗೆದುಕೊಂಡರೆ ಬಾಡಿಗೆಯಲ್ಲಿ ಹೆಚ್ಚಾದದ್ದನ್ನು ಮಾತ್ರವಲ್ಲ, ಬಿಲ್ಲಿನ ಬೇರೆ ಬಾಬ್ತುಗಳನ್ನೂ ಅದೇ ಲೆಕ್ಕದಲ್ಲಿ ಕಡಿಯುತ್ತಾರೆ. ಇದನ್ನು ಕೌಂಟರಿನಲ್ಲಿ ಒಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ, "ಸಿಂಗಲ್ ರೂಮೇ ಇರೋದು ಮೇಡಂ" ಎಂದರು ಅಷ್ಟೇ. ಕೈಯಿಂದ 91,000 ಹೋಯಿತು. ಚೀಟಿ ಎತ್ತಿ ಕಟ್ಟಿದೆ.

ಆಪರೇಷನ್ನಿಗೆ ಆಷಾಢವನ್ನೇ ಆರಿಸಿಕೊಂಡೆ. ಮದುವೆ ಇರಲ್ಲ, ಬ್ಲೌಸ್ ಬರಲ್ಲ, ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಎದ್ದು ಕೂತಿರಬಹುದು ಎಂಬ ಲೆಕ್ಕ. ನಮ್ಮತ್ತೆಗೆ ಸಿಟ್ಟು ಬಂತು. "ಆಸಾಡ್ದಲ್ಲಿ ಯಾರಾದ್ರೂ ಹೊಟ್ಟೆ ಕುಯ್ಸ್ಕತಾರಾ? ಉಪಾಸ ಇರಕ್ಕೆ ನಾಕು ಲಕ್ಷ ಯಾಕವ್ವ, ಮನೇಲೇ ಬಿಟ್ಟಿ ಇರಬೌದಲ್ಲ." ಇವತ್ತಿಗೂ ಈ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಕೊಡಲು ನನಗೆ ಬರುವುದಿಲ್ಲ. ಇಪ್ಪತ್ತು ವರ್ಷ ಬಿಟ್ಟಿ ಉಪವಾಸ ಇದ್ದವಳೇ ನಾನು. ಐದು ಕೆಜಿ ಇಳಿದು ಏಳು ಕೆಜಿ ಏರಿದವಳು.

ಮುಂಚಿನ ಎರಡು ವಾರ ಬರೀ ದ್ರವಾಹಾರ. ನಮ್ಮಂಥವರ ಯಕೃತ್ತು ಕೊಬ್ಬು ತುಂಬಿ ಊದಿ ಹೊಟ್ಟೆಯ ಮೇಲೆ ಹೊದಿಕೆಯ ಹಾಗೆ ಬಿದ್ದಿರುತ್ತದಂತೆ. ಅನ್ನ, ಹಿಟ್ಟು, ಸಕ್ಕರೆ ಬಿಟ್ಟರೆ ಎರಡೇ ವಾರದಲ್ಲಿ ಕುಗ್ಗುತ್ತದೆ, ಸರ್ಜನ್ನಿಗೆ ಅದನ್ನು ಎತ್ತಿ ಹಿಡಿದು ಕೆಲಸ ಮಾಡಲು ಜಾಗ ಸಿಗುತ್ತದೆ. ಕಾರಣ ಗೊತ್ತಿದ್ದರೂ ಮೂರನೇ ದಿನ ತಲೆ ಸಿಡಿಯಿತು. ಭಾನುವಾರ ಪಕ್ಕದ ಮನೆಯ ಬಾಡಿನ ಸಾರಿನ ಒಗ್ಗರಣೆ ವಾಸನೆಗೆ ಕಿಟಕಿ ಹಾಕಿಕೊಂಡು ಅತ್ತುಬಿಟ್ಟೆ.

ಇಲ್ಲೊಂದು ಎಡವಟ್ಟಾಯಿತು, ಸಕ್ಕರೆ ಕಾಯಿಲೆ ಇರುವವರು ದಯವಿಟ್ಟು ಗಮನವಿಟ್ಟು ಓದಿ. ಆಹಾರದ ಪಟ್ಟಿ ಕೊಟ್ಟವರು ನನ್ನ ಮಾತ್ರೆಯ ಮಾತೆತ್ತಲಿಲ್ಲ. ನಾನು ಎಂದಿನಂತೆ ಗ್ಲಿಮಿಪಿರೈಡ್ ನುಂಗುತ್ತಲೇ ಇದ್ದೆ. ಅದು ಊಟ ಇರಲಿ ಬಿಡಲಿ ಸಕ್ಕರೆ ಇಳಿಸುವ ಮಾತ್ರೆ. ಐದನೇ ದಿನ ಬೆಳಗಿನ ಜಾವ ಮೈಯೆಲ್ಲ ಬೆವೆತು, ಕೈ ನಡುಗಿ, ದೀಪದ ಸ್ವಿಚ್ಚು ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಗ್ಲೂಕೋಮೀಟರಿನಲ್ಲಿ 54. ಸಕ್ಕರೆ ನೀರು ಕುಡಿದು ಸುಧಾರಿಸಿಕೊಂಡೆ. ಮಂಡ್ಯದ ನಮ್ಮ ಡಾಕ್ಟರು ಆ ಮಾತ್ರೆಯನ್ನೇ ನಿಲ್ಲಿಸಿದರು. ಆಸ್ಪತ್ರೆಗೆ ಫೋನ್ ಮಾಡಿದರೆ, "ಹೌದು ಮೇಡಂ, ಅಡ್ಜಸ್ಟ್ ಮಾಡಬೇಕಿತ್ತು" ಎಂದರು. ಯಾರು ಮಾಡಬೇಕಿತ್ತು? ದ್ರವಾಹಾರ ಶುರು ಮಾಡುವ ಹಿಂದಿನ ದಿನವೇ ಮಾತ್ರೆ, ಇನ್ಸುಲಿನ್ ಎಷ್ಟು ಇಳಿಸಬೇಕು ಎಂದು ಕೇಳಿ ಬರೆಸಿಕೊಳ್ಳಿ.

ಆಪರೇಷನ್ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ನಾನು ನಿದ್ದೆಯಲ್ಲಿದ್ದೆ. ಐದು ತೂತು. ಎಚ್ಚರವಾದಾಗ ಹೊಟ್ಟೆಗಿಂತ ಭುಜ ನೋಯುತ್ತಿತ್ತು. ಹೊಟ್ಟೆ ಉಬ್ಬಿಸಲು ತುಂಬಿದ ಗ್ಯಾಸು ಅದು, ನಡೆದಂತೆ ಕಡಿಮೆಯಾಗುತ್ತದೆ ಎಂದರು. ಅದೇ ಸಂಜೆ ಡ್ರಿಪ್ ಕಂಬ ಹಿಡಿದು ವರಾಂಡದಲ್ಲಿ ನಡೆಸಿದರು. ಕಾಲಿಗೆ ಬಿಗಿ ಕಾಲುಚೀಲ, ರಕ್ತ ಹೆಪ್ಪುಗಟ್ಟದಿರಲು ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್. ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಉಸಿರು ಎಳೆಯಲು ಹೇಳಿದರು. ಒಂದು ಚೆಂಡು ಸುಲಭ, ಎರಡು ಕಷ್ಟ. ಮೂರನೆಯದು ಏಳುವಷ್ಟರಲ್ಲಿ ಡಿಸ್ಚಾರ್ಜ್ ಆಗಿತ್ತು. ಮರುದಿನ ಏನೋ ಕಹಿ ದ್ರವ ಕುಡಿಸಿ ಎಕ್ಸ್‌ರೇ ತೆಗೆದು "ಎಲ್ಲೂ ಲೀಕ್ ಇಲ್ಲ" ಎಂದರು. ಹೊಲಿಗೆ ಬಿಟ್ಟಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಸರ್ಜನ್ನಿಗೆ ಹತ್ತಕ್ಕೆ ಹತ್ತು, ಅದರಲ್ಲಿ ಎರಡು ಮಾತಿಲ್ಲ.

ರಾತ್ರಿ ಪಾಳಿಯ ಸಿಸ್ಟರಿಗೆ ಹನ್ನೊಂದು ಕೊಡಬೇಕು. ಮೊದಲ ಗುಟುಕು ನೀರು ಕೊಟ್ಟಿದ್ದು ಅವರೇ. 30 ಎಂಎಲ್ ಕಪ್ಪು, ಅದನ್ನೂ ಹದಿನೈದು ನಿಮಿಷ ಹೀರಬೇಕು. ಗಡಿಯಾರ ಎದುರಿಗಿಟ್ಟುಕೊಂಡು ಪಕ್ಕದಲ್ಲೇ ಕೂತರು. ಎರಡನೇ ಗುಟುಕಿಗೇ ಎದೆಯ ಕೆಳಗೆ ಬಾಗಿಲು ಹಾಕಿದ ಹಾಗಾಯಿತು. ಹಿಂದೆ ಒಂದು ಚೊಂಬು ನೀರು ಎತ್ತಿ ಗಟಗಟ ಕುಡಿದು ಇಡುತ್ತಿದ್ದವಳು ನಾನು. ಮನೆಗೆ ಹೊರಡುವ ದಿನ ಮಣಿಕಟ್ಟಿನಲ್ಲಿ ನಾಡಿ ಎಣಿಸುವುದನ್ನೂ ಅವರೇ ಕಲಿಸಿದರು. ಸುಮ್ಮನೆ ಮಲಗಿದ್ದಾಗಲೂ 120 ದಾಟಿದರೆ, ಜ್ವರ ಬಂದರೆ, ಹೊಟ್ಟೆನೋವು ಏರುತ್ತಾ ಹೋದರೆ, ಉಸಿರು ಕಷ್ಟವಾದರೆ ಫೋನು ಗೀನು ಮಾಡಿಕೊಂಡು ಕೂರಬೇಡಿ, ಸೀದಾ ಬಂದುಬಿಡಿ ಎಂದರು.

ಮನೆಗೆ ಬಂದು ಆಹಾರದ ಪಟ್ಟಿ ಬಿಚ್ಚಿದರೆ, ದಾಲ್ ಕಾ ಪಾನಿ, ಲೌಕಿ ಸೂಪ್, ದಲಿಯಾ, ಪನೀರ್ ಭುರ್ಜಿ. ಮಂಡ್ಯದಲ್ಲಿ ದಲಿಯಾ ಎಲ್ಲಿ ಹುಡುಕಲಿ! ನಮ್ಮತ್ತೆ ಪಟ್ಟಿಯನ್ನು ಒಮ್ಮೆ ಓದಿಸಿಕೊಂಡು ಕೇಳಿದರು, ಆಮೇಲೆ ತಮ್ಮದೇ ಪಟ್ಟಿ ಮಾಡಿದರು. ಹೆಸರುಕಾಳಿನ ಕಟ್ಟು, ಹುರುಳಿ ಕಟ್ಟು, ಕಾಲು ಸೂಪು, ನೀರು ಮಜ್ಜಿಗೆ. ಎಲ್ಲವನ್ನೂ ನನ್ನ ಅಂಗಡಿಯ ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಿ ಕೊಡುತ್ತಿದ್ದರು. ಕಾಲು ಸೂಪು ರಾತ್ರಿ ಆರಿದ ಮೇಲೆ ಮೇಲಿನ ಕೊಬ್ಬು ಕೆನೆಗಟ್ಟುತ್ತಿತ್ತು, ಅದನ್ನು ಚಮಚದಲ್ಲಿ ಎತ್ತಿ ಬಿಸಾಕಿ, ಬೆಳಿಗ್ಗೆ ಕಾಯಿಸಿ ಕೊಡುವುದು. ಆಪರೇಷನ್ ಬೇಡ ಎಂದ ಅದೇ ಅತ್ತೆ. "ತೀರ್ಥ ತಕಂಡಂಗೆ ತಕಳವ್ವ" ಎಂದು ಕಪ್ಪು ಕೈಗಿಡುತ್ತಿದ್ದರು.

ಇದನ್ನೆಲ್ಲ ಆಸ್ಪತ್ರೆಯ ಡಯಟೀಷಿಯನ್ ಹುಡುಗಿಗೆ ಹೆಮ್ಮೆಯಿಂದ ಹೇಳಿದೆ. ಹಾಸನದ ಕಡೆಯವಳು, ಬೈಯಲಿಲ್ಲ. "ಕಟ್ಟಿನಲ್ಲಿ ರುಚಿ ಇದೆ ಆಂಟಿ, ಪ್ರೋಟೀನ್ ಜಾಸ್ತಿ ಇಲ್ಲ. ಅದೆಲ್ಲ ಕಾಳಲ್ಲೇ ಉಳಿದುಬಿಡತ್ತೆ" ಎಂದಳು. ದಿನಕ್ಕೆ ಕಡಿಮೆ ಎಂದರೂ 60 ಗ್ರಾಂ ಬೇಕಂತೆ, ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಹಾಗಾಗಿ ಪ್ರೋಟೀನ್ ಪುಡಿ ತಪ್ಪಲಿಲ್ಲ. ಆ ಪುಡಿಯ ರಿವ್ಯೂ ಕೂಡ ಇಲ್ಲೇ ಬರೆದುಬಿಡುತ್ತೇನೆ. ವೆನಿಲಾ ತರಬೇಡಿ, ಮೂರನೇ ದಿನಕ್ಕೆ ವಾಸನೆ ಕಂಡರೆ ಆಗುವುದಿಲ್ಲ. ರುಚಿ ಸೇರಿಸದ ಸಾದಾ ಪುಡಿ ತನ್ನಿ. ಬಿಸಿ ಸಾರಿಗೆ ಹಾಕಿದರೆ ಒಡೆದ ಹಾಲಿನ ಹಾಗೆ ಗಂಟು ಗಂಟಾಗುತ್ತದೆ. ತಣ್ಣಗಿನ ಮಜ್ಜಿಗೆಯಲ್ಲಿ ಕದಡಿ, ಉಪ್ಪು, ಚೂರು ಜೀರಿಗೆ ಪುಡಿ ಹಾಕಿ ಸೋಸಿಕೊಂಡರೆ ನಡೆಯುತ್ತದೆ. ಚೆನ್ನಾಗಿರುತ್ತದೆ ಎಂದು ನಾನು ಹೇಳುತ್ತಿಲ್ಲ, ನಡೆಯುತ್ತದೆ.

ಎರಡು ವಾರ ದ್ರವ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗೆ ಬೇಯಿಸಿದ್ದು, ಆರು ವಾರ ಕಳೆದ ಮೇಲೆ ಎಲ್ಲರ ಊಟ. ಊಟದ ಜೊತೆ ನೀರು ಕುಡಿಯುವಂತಿಲ್ಲ, ಹಿಂದೆ ಮುಂದೆ ಅರ್ಧರ್ಧ ಗಂಟೆ ಬಿಡಬೇಕು. ಒಂದೊಂದು ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು.

ಅಗಿಯಬೇಕು! ಈ ಒಂದು ಪದದ ಬಗ್ಗೆ ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ಯಾರೂ ಯೋಚನೆ ಮಾಡಿದ ಹಾಗಿಲ್ಲ. ನಾವು ಮುದ್ದೆ ನುಂಗುವ ಜನ. ಮುದ್ದೆ ಅಗಿದರೆ ಚಿಕ್ಕ ಮಕ್ಕಳೂ ನಗುತ್ತಾರೆ. ಮುರಿ, ಸಾರಿಗೆ ಅದ್ದು, ನುಂಗು. ನಲವತ್ತು ವರ್ಷ ಗಂಟಲಿಗೆ ಆದ ಅಭ್ಯಾಸ ಅದು. ಏಳನೇ ವಾರ ಒಂದು ಮಧ್ಯಾಹ್ನ ಎಲ್ಲರ ಜೊತೆ ಕೂತೆ. ಸೊಪ್ಪಿನ ಸಾರು, ಬಿಸಿ ಮುದ್ದೆ. ನೆಲ್ಲಿಕಾಯಿಯಷ್ಟೇ ಮುರಿದುಕೊಂಡೆ, ಹೆಚ್ಚಲ್ಲ. ಅಗಿಯಬೇಕು ಎಂದು ತಲೆಯಲ್ಲಿದ್ದರೂ ಗಂಟಲು ತನ್ನ ಕೆಲಸ ಮಾಡಿಬಿಟ್ಟಿತು. ಇಳಿಯಿತು, ಎದೆಯ ಗುಂಡಿಯ ಹತ್ತಿರ ನಿಂತಿತು. ಒಳಗೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ. ಬಾಯಲ್ಲಿ ಜೊಲ್ಲು ಕಟ್ಟೆಯೊಡೆದಂತೆ ಬರತೊಡಗಿತು, ಉಗುಳಿದಷ್ಟೂ ಬಂತು. ಮಗಳು ನೀರು ತಂದಳು. ತಪ್ಪು, ನೀರು ಕುಡಿದರೆ ಇನ್ನೂ ಕಷ್ಟ. ಬಚ್ಚಲಲ್ಲಿ ಅರ್ಧ ಗಂಟೆ ಬಗ್ಗಿ ನಿಂತ ಮೇಲೆ ನೊರೆಯ ಜೊತೆ ಆ ತುಂಡು ಇಡೀಗೆ ಇಡಿಯಾಗಿ, ಒಂದು ಗೀರೂ ಇಲ್ಲದೆ ವಾಪಸ್ ಬಂತು. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಎನ್ನುತ್ತಾರಲ್ಲ, ನಾನು ಅವತ್ತು ಹಿಟ್ಟನ್ನೇ ಕಿತ್ತಿಟ್ಟೆ.

ಈಗ ಮುದ್ದೆಯನ್ನು ತಟ್ಟೆಯಲ್ಲಿ ಚಪ್ಪಟೆ ಮಾಡಿ, ಸಾರಲ್ಲಿ ಕಿವುಚಿ, ಚಮಚದಲ್ಲಿ ತಿನ್ನುತ್ತೇನೆ. ನೋಡಿದವರು ನಗಲಿ. ಹೆಚ್ಚು ದಿನ ರಾಗಿ ಅಂಬಲಿಯೇ ವಾಸಿ. ಮೊಟ್ಟೆ, ಮೀನು ಸಲೀಸಾಗಿ ಇಳಿಯುತ್ತವೆ, ಮಟನ್ನು ಕೈಮ ಉಂಡೆಯಾಗಿ ಮಾತ್ರ. ಮೊದಲು ಪ್ರೋಟೀನು, ಆಮೇಲೆ ತರಕಾರಿ, ಜಾಗ ಉಳಿದರೆ ಹಿಟ್ಟು. ಬಹಳ ಸಲ ಉಳಿಯುವುದಿಲ್ಲ.

ನಾಲ್ಕನೇ ತಿಂಗಳು ಜಡೆ ಅರ್ಧವಾಯಿತು. ಬಾಚಣಿಗೆ ತುಂಬ ಕೂದಲು, ಹೊಲಿದ ಬ್ಲೌಸಿನ ಮೇಲೂ ನನ್ನದೇ ಕೂದಲು. ಮೊದಲೇ ಹೇಳಿದ್ದರಿಂದ ಹೆದರಲಿಲ್ಲ, ಎಂಟನೇ ತಿಂಗಳ ಹೊತ್ತಿಗೆ ಸಣ್ಣ ಕೂದಲು ನೆತ್ತಿಯ ಮೇಲೆ ಮುಳ್ಳಿನ ಹಾಗೆ ಏಳತೊಡಗಿತು. ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುತ್ತದೆ ಎಂದು ಆರು ತಿಂಗಳು ಅದಕ್ಕೊಂದು ಮಾತ್ರೆ. ವಿಟಮಿನ್, ಕ್ಯಾಲ್ಸಿಯಂ, ಕಬ್ಬಿಣ, ಬಿ12 ಮಾತ್ರ ಜೀವಮಾನಕ್ಕೆ. ಕಬ್ಬಿಣಕ್ಕೂ ಕ್ಯಾಲ್ಸಿಯಮ್ಮಿಗೂ ನಡುವೆ ಎರಡು ಗಂಟೆ ಬಿಡಬೇಕು, ಅತ್ತೆ ಸೊಸೆಯ ಹಾಗೆ ಎಂದು ನಾನು ಹೇಳಿದರೆ ನಮ್ಮತ್ತೆ ಗುರ್ ಎನ್ನುತ್ತಾರೆ. ಇದರ ಖರ್ಚು ಯಾವ ಪ್ಯಾಕೇಜಿನಲ್ಲೂ ಇಲ್ಲ, ತಿಂಗಳಿಗೆ ಇಷ್ಟು ಎಂದು ಎತ್ತಿಟ್ಟುಕೊಂಡೇ ಹೋಗಿ.

ಈಗ ಹದಿನಾಲ್ಕು ತಿಂಗಳು. 118 ಇದ್ದದ್ದು 80. ತಕ್ಕಡಿಗಿಂತ ನನ್ನ ಅಳತೆ ಪುಸ್ತಕದ ಮೇಲೆ ನನಗೆ ನಂಬಿಕೆ: ಎದೆ 52 ಇಂಚು ಇದ್ದದ್ದು 41, ತೋಳಿನ ಸುತ್ತಳತೆ 19 ಇದ್ದದ್ದು ಹದಿನಾಲ್ಕೂವರೆ. ಒಂದು ಹಸಿರು ರೇಷ್ಮೆ ಬ್ಲೌಸನ್ನು ಐದು ಸಲ ಹಿಡಿದಿದ್ದೇನೆ, ಒಳಗೆ ಹೊಲಿಗೆಯ ಗುರುತು ಐದು ಸಾಲು ಹಾಗೇ ಇವೆ. ತೋಳಿನ ಕೆಳಗೆ ಚರ್ಮ ಜೋತಾಡುತ್ತದೆ, ಅದಕ್ಕೆ ಮೊಣಕೈವರೆಗಿನ ತೋಳು ಹೊಲಿದುಕೊಳ್ಳುತ್ತೇನೆ. ಸಕ್ಕರೆಗೆ ಮೆಟ್‌ಫಾರ್ಮಿನ್ ಒಂದೇ ಉಳಿದಿದೆ. ಆಪರೇಷನ್ನಿಗೆ ಮೊದಲು ರಾತ್ರಿ ಹಾಕಿಕೊಳ್ಳಲು ಬಾಡಿಗೆಗೆ ತಂದಿದ್ದ, ನಿದ್ದೆಯಲ್ಲಿ ಉಸಿರು ಕಟ್ಟದಂತೆ ಗಾಳಿ ಒತ್ತುವ ಸಿಪ್ಯಾಪ್ ಮಷೀನನ್ನು ಮತ್ತೆ ನಿದ್ದೆ ಪರೀಕ್ಷೆ ಮಾಡಿಸಿ ವಾಪಸ್ ಕೊಟ್ಟೆವು. ನಮ್ಮನೆಯವರು ಆ ಗೊರಕೆ ರೆಕಾರ್ಡನ್ನು ಇನ್ನೂ ಅಳಿಸಿಲ್ಲ.

"ಈಗ ಇಂಜೆಕ್ಷನ್ ಬಂದಿದೆಯಲ್ಲ ಅಕ್ಕ, ಸುಮ್ನೆ ಕುಯ್ಸ್ಕೊಂಡ್ರಿ" ಎನ್ನುವವರೂ ಇದ್ದಾರೆ. ತೂಕ ಇಳಿಸುವ ಆ ಇಂಜೆಕ್ಷನ್ ಮೌಂಜಾರೋ ನಮ್ಮ ದೇಶಕ್ಕೆ ಬಂದದ್ದು 2025ರ ಮಾರ್ಚಿನಲ್ಲಿ, ನನ್ನದು ಮುಗಿದು ಎಂಟು ತಿಂಗಳಾಗಿತ್ತು. ಅದನ್ನು ನಾನು ತೆಗೆದುಕೊಂಡಿಲ್ಲ, ಹಾಗಾಗಿ ರಿವ್ಯೂ ಬರೆಯುವುದಿಲ್ಲ.

ಉಳಿದಿದ್ದು ಆಮೇಲಿನ ಆರೈಕೆ. ಮಾರ್ಕು ಕೊಡಲು ಕೈ ಬರುವುದಿಲ್ಲ. ಮೊದಲ ಮೂರು ತಿಂಗಳು ಚೆನ್ನಾಗಿತ್ತು, ಹಾಸನದ ಹುಡುಗಿ ವಾರಕ್ಕೊಮ್ಮೆ ಫೋನ್ ಮಾಡಿ ಏನು ತಿಂದಿರಿ ಎಂದು ವಿಚಾರಿಸುತ್ತಿದ್ದಳು. ಆಮೇಲೆ ಅವಳು ಕೆಲಸ ಬಿಟ್ಟಳಂತೆ. ಅದೇ ನಂಬರಿಗೆ ಮಾಡಿದರೆ ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ವರ್ಷದ ರಕ್ತ ಪರೀಕ್ಷೆಯನ್ನು ಮಂಡ್ಯದಲ್ಲೇ ಮಾಡಿಸಿ ರಿಪೋರ್ಟು ಕಳಿಸಿದೆ. ಮೂರು ವಾರ ಉತ್ತರವಿಲ್ಲ. ಮಾತ್ರೆ ನುಂಗುತ್ತಿದ್ದರೂ ಬಿ12 ಕಡಿಮೆ ಬಂದಿತ್ತು, ಪಾದ ಜೋಮು ಹಿಡಿಯುತ್ತಿತ್ತು. ಕೊನೆಗೆ ನಮ್ಮ ಡಾಕ್ಟರೇ ಇಂಜೆಕ್ಷನ್ ಶುರು ಮಾಡಿದರು.

ಹೋದ ವಾರ ಆಸ್ಪತ್ರೆಯಿಂದ ಫೋನ್ ಬಂತು. ಮಷೀನ್ ನಿಲ್ಲಿಸಿ ಓಡಿ ಹೋಗಿ ಎತ್ತಿಕೊಂಡೆ. ಒಬ್ಬ ಹುಡುಗ, ಮಾತು ಬಲು ನಯ. "ಮೇಡಂ, ನಿಮ್ಮ ಜರ್ನಿ ತುಂಬಾ ಇನ್‌ಸ್ಪೈರಿಂಗ್ ಆಗಿದೆ, ಬಿಫೋರ್ ಆಫ್ಟರ್ ಫೋಟೋ ಕಳಿಸ್ತೀರಾ? ಪೋಸ್ಟರ್‌ಗೆ ಹಾಕ್ತೀವಿ."

"ಕಳಿಸ್ತೀನಿ ಕಣಪ್ಪ. ಮೊದಲು ನನ್ನ ಬಿ12 ರಿಪೋರ್ಟ್ ನೋಡಿ ಏನು ಮಾಡಬೇಕು ಅಂತ ಹೇಳಿ."

"ಅದು ಬೇರೆ ಡಿಪಾರ್ಟ್‌ಮೆಂಟ್ ಮೇಡಂ, ಅವರಿಗೆ ಹೇಳ್ತೀನಿ."

ಆ ಬೇರೆ ಡಿಪಾರ್ಟ್‌ಮೆಂಟಿನವರು ಇನ್ನೂ ಫೋನ್ ಮಾಡಿಲ್ಲ. ಸೋಮವಾರ ನನಗೆ ಮೂರನೇ ಇಂಜೆಕ್ಷನ್ ಇದೆ, ಅಂಗಡಿ ಹನ್ನೊಂದಕ್ಕೆ ತೆಗೆಯುತ್ತೇನೆ.